ಹಿಂದಿನ ಸೀಟಿಗೂ ಒಂದು ಮತ: ತೆಲಿಗಿಯಿಂದ ನೇಪಾಳಕ್ಕೆ ಜೋಡಿ ಸವಾರಿಯ 14 ಸೂತ್ರಗಳು

ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಿಂದ ನೇಪಾಳದ ಗಡಿ ಸೋನೌಲಿಗೆ ಸುಮಾರು 2,000 ಕಿ.ಮೀ. ವೀಸಾ ಬೇಡ. ಅಲ್ಲೂ ರಸ್ತೆಯ ಎಡಗಡೆಯೇ ಸವಾರಿ. ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿಯೂ ನಡೆಯುತ್ತದೆ. ಮೊದಲ ಸಲ ಬೈಕ್ ಏರಿ ಪರದೇಶ ನೋಡಬೇಕೆನ್ನುವ ಗಂಡ ಹೆಂಡತಿಗೆ ಇಷ್ಟು ಸಲೀಸಾದ ದೇಶ ಸಿಗುವುದು ಕಷ್ಟ. ಆದರೂ ಜೋಡಿ ಪ್ರವಾಸಗಳು ಅರ್ಧಕ್ಕೇ ಕೆಡುತ್ತವೆ. ಎಂಜಿನ್ ಕೆಟ್ಟರೆ ಮೆಕ್ಯಾನಿಕ್ ಸಿಗುತ್ತಾನೆ. ಮುಂದೆ ಕೂತವರು ಎಲ್ಲ ತೀರ್ಮಾನ ತಾವೇ ಮಾಡುತ್ತ, ಹಿಂದೆ ಕೂತವರು ಎಲ್ಲವನ್ನೂ ಸಹಿಸಿಕೊಳ್ಳುತ್ತ ಹೋದರೆ ಅದನ್ನು ರಿಪೇರಿ ಮಾಡುವವರು ದಾರಿಯಲ್ಲಿ ಯಾರೂ ಇಲ್ಲ. ಗಾಡಿಗೆ ಹ್ಯಾಂಡಲ್ ಒಂದೇ ಇರಬಹುದು, ಪ್ರವಾಸಕ್ಕೆ ಎರಡು ತಲೆ ಬೇಕು. ಕೆಳಗಿನ ಸೂತ್ರಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

1. ಹೊಸ ಗಾಡಿಗೆ ಕಾಯಬೇಡಿ

ಮೈಸೂರಿನ ಕೃಷ್ಣಕುಮಾರ್ ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು, ತಾಯಿ ಚೂಡಾರತ್ನಮ್ಮ ಅವರನ್ನು ಹಿಂದೆ ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟಾಗ ಏರಿದ್ದು ಅಪ್ಪ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರನ್ನು. ‘ಮಾತೃ ಸೇವಾ ಸಂಕಲ್ಪ ಯಾತ್ರೆ’ ಎಂದು ಹೆಸರಾದ ಆ ಪ್ರಯಾಣದಲ್ಲಿ ಸ್ಕೂಟರ್ ಭಾರತವನ್ನೆಲ್ಲ ಸುತ್ತಿ ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳನ್ನೂ ಮುಟ್ಟಿತು. ಕೂಡುಕುಟುಂಬದ ಅಡುಗೆಮನೆಯಲ್ಲೇ ಆಯಸ್ಸು ಕಳೆದ ತಾಯಿ ಹಳೇಬೀಡನ್ನೂ ನೋಡಿಲ್ಲ ಎಂದು ತಿಳಿದದ್ದೇ ಮಗ ಹೊರಡಲು ಕಾರಣ. ಹಿಂದಿನ ಸೀಟಿನವರ ಆಸೆಗಾಗಿ ಶುರುವಾದ ಯಾತ್ರೆ ಅದು.

ಹಾಗಾಗಿ ಮನೆಯಲ್ಲಿರುವ 125 ಸಿಸಿ ಗಾಡಿ ಸಾಕು. ನೇಪಾಳದ ರಸ್ತೆಗಳಲ್ಲಿ ಓಡುವುದು ಬಹುಪಾಲು ನಮ್ಮಲ್ಲೇ ತಯಾರಾದ ಬಜಾಜ್, ಹೀರೋ, ಹೋಂಡಾ, ಟಿವಿಎಸ್ ಗಾಡಿಗಳು. ಸಣ್ಣ ಊರಿನ ಮೆಕ್ಯಾನಿಕ್‌ಗೂ ಅವುಗಳ ಮರ್ಮ ಗೊತ್ತು, ಬಿಡಿಭಾಗವೂ ಸಿಗುತ್ತದೆ.

2. ತೇರು ಮುಗಿಸಿಕೊಂಡು ಹೊರಡಿ

ಹಿಮಾಲಯ ನಿಚ್ಚಳವಾಗಿ ಕಾಣುವುದು ಅಕ್ಟೋಬರ್–ನವೆಂಬರ್‌ನಲ್ಲಿ. ನಮ್ಮ ಕಡೆ ಅದೇ ಹೊತ್ತಿಗೆ ಮೆಕ್ಕೆಜೋಳದ ತೆನೆ ಮುರಿಯುವ ಸುಗ್ಗಿ. ಹೊಲ ಇದ್ದವರಿಗೆ ಅದು ಆಗದ ಮಾತು. ಮೈಲಾರದ ಕಾರಣಿಕ ಕೇಳಿ, ಕೊಟ್ಟೂರೇಶ್ವರನ ತೇರಿಗೆ ಬಾಳೆಹಣ್ಣು ಎಸೆದು ಹೊರಟರೆ ಲೆಕ್ಕ ಸರಿಹೋಗುತ್ತದೆ: ಫೆಬ್ರವರಿ ಕೊನೆ ಇಲ್ಲವೇ ಮಾರ್ಚ್ ಮೊದಲ ವಾರ. ಏಪ್ರಿಲ್‌ಗೆ ತಳ್ಳಿದರೆ ನಾಗಪುರದ ಬಿಸಿಲು ಹುರಿಯುತ್ತದೆ, ನೇಪಾಳದಲ್ಲಿ ಕಾಡ್ಗಿಚ್ಚಿನ ಹೊಗೆ ಬೆಟ್ಟಗಳನ್ನು ಮುಚ್ಚುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. 2024ರ ಜುಲೈ 12ರಂದು ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯ ಸಿಮಲ್‌ತಾಲ್ ಬಳಿ ಗುಡ್ಡ ಜಾರಿ, ಎರಡು ಬಸ್ಸುಗಳು ಜನರ ಸಮೇತ ತ್ರಿಶೂಲಿ ನದಿಗೆ ಬಿದ್ದವು. ಇನ್ನೊಂದು ಎಚ್ಚರ: ಹೋಳಿಯ ದಿನ ಉತ್ತರ ಪ್ರದೇಶದ ಹೆದ್ದಾರಿಯಲ್ಲಿ ಇರಬೇಡಿ. ಅವತ್ತು ಲಾಡ್ಜಿನಲ್ಲೇ ಉಳಿದು ಬಟ್ಟೆ ಒಗೆದುಕೊಳ್ಳಿ.

3. ಪರೀಕ್ಷೆ ಊರ ಸುತ್ತಲೇ ಆಗಲಿ

ಮೊದಲು ಒಂದು ದಿನದ ಸುತ್ತು: ತೆಲಿಗಿ, ಬಾಗಳಿಯ ಕಲ್ಲೇಶ್ವರ, ಮೈಲಾರ, ತುಂಗಭದ್ರೆಯ ದಡದ ಕುರುವತ್ತಿ, ಹಡಗಲಿ, ವಾಪಸ್ ಮನೆ. ಆಮೇಲೆ ಎರಡು ದಿನ ಸಂಡೂರಿನ ಬೆಟ್ಟದ ತಿರುವುಗಳು. ಅದಿರು ಲಾರಿಗಳ ದೂಳು ಕುಡಿಯುತ್ತ ಅವುಗಳ ಹಿಂದೆ ತಾಳ್ಮೆಯಿಂದ ಹೋಗುವುದನ್ನು ಅಲ್ಲಿ ಕಲಿತರೆ ನೇಪಾಳದ ಘಾಟಿಗೆ ಅರ್ಧ ತಯಾರಿ ಆದಂತೆ. ಕೊನೆಗೆ ನಲ್ಲಮಲ ಕಾಡು ದಾಟಿ ಶ್ರೀಶೈಲಕ್ಕೆ ಹೋಗಿ ಬನ್ನಿ. ಮೂರನ್ನೂ ಪೂರ್ತಿ ಲಗೇಜು ಕಟ್ಟಿಕೊಂಡೇ ಮಾಡಿ.

ರಾತ್ರಿ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಅವತ್ತಿನ ಮೂರು ತೊಂದರೆ ಬರೆದು ಅದಲು ಬದಲು ಮಾಡಿಕೊಳ್ಳಿ. ಮುಂದೆ ಕೂತವರ ಚೀಟಿಯಲ್ಲಿ ರಸ್ತೆ, ಲಾರಿ, ಮೈಲೇಜು ಇರುತ್ತದೆ. ಹಿಂದಿನವರ ಚೀಟಿಯಲ್ಲಿ ಸೊಂಟ, ಬಾಯಾರಿಕೆ, ಶೌಚಾಲಯ ಇರುತ್ತದೆ. ಎರಡೂ ಸೇರಿದ ಪಟ್ಟಿಯೇ ನಿಮ್ಮ ಯೋಜನೆ.

4. ಹಿಂದೆ ಕೂರುವವರಿಗೆ ಅಧಿಕಾರ ಕೊಡಿ

ದಾರಿ ನೋಡುವುದು, ದುಡ್ಡು ಇಟ್ಟುಕೊಳ್ಳುವುದು, ಎಲ್ಲಿ ಉಳಿಯಬೇಕು ಎನ್ನುವುದು, ಈ ಮೂರನ್ನೂ ಹಿಂದಿನ ಸೀಟಿಗೆ ಬಿಟ್ಟುಕೊಡಿ. ಮುಂದಿನವರ ಕಣ್ಣು ರಸ್ತೆ ಮೇಲಿದ್ದರೆ ಸಾಕು. ಹೆಲ್ಮೆಟ್ಟಿನೊಳಗೆ ಮಾತು ಕೇಳಿಸುವುದಿಲ್ಲವಾದ್ದರಿಂದ ಸನ್ನೆ ಗೊತ್ತುಮಾಡಿಕೊಳ್ಳಿ: ಹೆಗಲಿಗೆ ಒಂದು ತಟ್ಟಿದರೆ ನಿಧಾನ, ಎರಡು ತಟ್ಟಿದರೆ ನಿಲ್ಲಿಸು. ಎರಡು ತಟ್ಟಿದ ಮೇಲೆ ‘ಇನ್ನೊಂದ್ ಹತ್ತು ಕಿಲೋಮೀಟ್ರು ತಡಿಯೇ’ ಅನ್ನುವಂತಿಲ್ಲ. ‘ತಡೀತೀನ್ರೀ, ಬೆನ್ನು ತಡೀಬೇಕಲ್ಲ’ ಎಂಬ ಉತ್ತರ ಸಿದ್ಧ ಇರುತ್ತದೆ.

ಹೊರಡುವುದಕ್ಕೆ ಮೊದಲು ಇಬ್ಬರೂ ಲೈಸೆನ್ಸ್ ಮಾಡಿಸಿ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಪಕ್ಕದ ಊರಿನವರೆಗಾದರೂ ಗಾಡಿ ತರುವಂತಿರಬೇಕು. ಸೀರೆ ಉಟ್ಟು ಒಂದೇ ಕಡೆ ಕಾಲು ಇಳಿಬಿಟ್ಟು ಕೂರುವ ರೂಢಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಸೆರಗು, ವೇಲು ಚೈನಿಗೆ ಸಿಕ್ಕರೆ ಅನಾಹುತ. ಪ್ಯಾಂಟು, ಶೂ, ಜಾಕೆಟ್ಟು, ಐಎಸ್ಐ ಗುರುತಿನ ಹೆಲ್ಮೆಟ್ಟು ಇಬ್ಬರಿಗೂ ಒಂದೇ ದರ್ಜೆಯವು ಇರಲಿ.

5. ಆಧಾರ್ ನಂಬಿ ಹೋಗಬೇಡಿ

ನೇಪಾಳಕ್ಕೆ ಹೋಗುವ ಭಾರತೀಯರಿಗೆ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಬೇಕು. 15ರಿಂದ 65 ವರ್ಷದೊಳಗಿನವರಿಗೆ ಆಧಾರ್ ಸಾಲದು. ಇಲ್ಲೊಂದು ನಮ್ಮ ಮನೆಗಳ ಸಮಸ್ಯೆ ಇದೆ. ಎಷ್ಟೋ ಹೆಣ್ಣುಮಕ್ಕಳ ವೋಟರ್ ಕಾರ್ಡ್ ಇನ್ನೂ ತವರಿನ ವಿಳಾಸದಲ್ಲೇ, ಅಪ್ಪನ ಹೆಸರಲ್ಲೇ ಇರುತ್ತದೆ. ಬ್ಯಾಂಕಿನಲ್ಲಿ ಒಂದು ಹೆಸರು, ಲೈಸೆನ್ಸಿನಲ್ಲಿ ಇನ್ನೊಂದು. ಆರು ತಿಂಗಳು ಮೊದಲೇ ಎಲ್ಲವನ್ನೂ ಒಂದೇ ಹೆಸರಿಗೆ ತನ್ನಿ. ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿದರೆ ಇನ್ನೂ ಒಳ್ಳೆಯದು, ಮುಂದಿನ ದೇಶಕ್ಕೂ ಬರುತ್ತದೆ.

ಗಾಡಿಯ ಆರ್‌ಸಿ ಸವಾರರ ಹೆಸರಲ್ಲೇ ಇರಲಿ. ಅಪ್ಪನ ಅಥವಾ ಅಣ್ಣನ ಹೆಸರಲ್ಲಿದ್ದರೆ ಒಪ್ಪಿಗೆ ಪತ್ರ, ಫೈನಾನ್ಸ್ ಬಾಕಿ ಇದ್ದರೆ ಸಾಲ ಕೊಟ್ಟವರ ಪತ್ರ ಜೊತೆಗಿಟ್ಟುಕೊಳ್ಳಿ.

6. ವಿಮೆಯನ್ನು ಗಡಿ ದಾಟಿಸಿ

ಸಾಮಾನ್ಯ ವಾಹನ ವಿಮೆ ಭಾರತದ ಗಡಿಗೇ ನಿಲ್ಲುತ್ತದೆ. ವಿಮಾ ಕಂಪನಿಗೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ‘ಭೌಗೋಳಿಕ ವ್ಯಾಪ್ತಿ ವಿಸ್ತರಣೆ’ ಬರೆಸಿಕೊಂಡರೆ ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾದಂಥ ನೆರೆ ದೇಶಗಳಲ್ಲೂ ರಕ್ಷಣೆ ಸಿಗುತ್ತದೆ. ಏಜೆಂಟರು ತಾವಾಗಿ ಇದನ್ನು ಹೇಳುವುದು ಅಪರೂಪ, ನೀವೇ ಕೇಳಿ. ಇಬ್ಬರಿಗೂ ಪ್ರವಾಸ ವಿಮೆ ಮಾಡಿಸುವಾಗ ಬೈಕ್ ಸವಾರಿಯ ಅಪಘಾತವೂ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ ಸಹಿ ಹಾಕಿ.

7. ಭಾರ ಇಳಿಸಿ, ಗಾಳಿ ಏರಿಸಿ

ಬೈಕಿನ ಚೈನ್ ಕವರ್ ಬಳಿ ಒಂದು ಸಣ್ಣ ಸ್ಟಿಕರ್ ಇರುತ್ತದೆ, ಕೆಸರು ಒರೆಸಿದರೆ ಕಾಣುತ್ತದೆ. ಒಬ್ಬರಿದ್ದಾಗ ಹಿಂದಿನ ಟೈರಿಗೆ ಎಷ್ಟು ಗಾಳಿ, ಇಬ್ಬರಿದ್ದಾಗ ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಎರಡನೆಯ ಅಂಕಿಯನ್ನು ಬಾಯಿಪಾಠ ಮಾಡಿ. ಪಂಕ್ಚರ್ ಅಂಗಡಿಯವರು ಅಂದಾಜಿನಲ್ಲಿ ಹೊಡೆಯುವ ಗಾಳಿ ಸಾಲದು, ಹೆಚ್ಚೂ ಆಗಬಾರದು. ಹಿಂದಿನ ಶಾಕ್ ಅಬ್ಸಾರ್ಬರನ್ನು ಒಂದೆರಡು ಹಲ್ಲು ಬಿಗಿ ಮಾಡಿಸಿ.

ಎರಡೂ ಪಕ್ಕ ಸಮತೂಕದ ಬ್ಯಾಗು, ಭಾರದ್ದೆಲ್ಲ ಕೆಳಗೆ. ಬೆನ್ನಿಗೆ ಬ್ಯಾಗು ಹಾಕಿಕೊಂಡು ಕೂರಿಸಿದರೆ ಹಿಂದಿನವರಿಗೆ ಮೂರನೆಯ ದಿನವೇ ಪ್ರವಾಸ ಸಾಕಾಗುತ್ತದೆ. ಬಟ್ಟೆ ಒಬ್ಬರಿಗೆ ಮೂರು ಜೊತೆ. ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಸ್ಪಾರ್ಕ್ ಪ್ಲಗ್, ಟ್ಯೂಬು, ಪಂಕ್ಚರ್ ಕಿಟ್, ಚೈನ್ ಲಾಕ್, ಒಂದು ಹಗ್ಗ ಇಷ್ಟು ಇದ್ದರೆ ಸಾಕು.

8. ಬಯಲಲ್ಲಿ 300, ಬೆಟ್ಟದಲ್ಲಿ 130

ಹೊಸಪೇಟೆ, ರಾಯಚೂರು, ಹೈದರಾಬಾದ್, ನಾಗಪುರ, ಜಬಲ್‌ಪುರ, ರೀವಾ, ಕಾಶಿ, ಗೋರಖಪುರ, ಸೋನೌಲಿ, ಇದು ನೇರ ದಾರಿ. ದಿನಕ್ಕೆ 300 ಕಿ.ಮೀ. ದಾಟಬೇಡಿ. ಕಾಶಿಯಲ್ಲಿ ಒಂದು ದಿನ ನಿಂತರೂ ಎಂಟನೆಯ ದಿನಕ್ಕೆ ಗಡಿ. ನಾಗಪುರ ದಾಟಿದ ಮೇಲೆ ಪೇಂಚ್ ಕಾಡಿನಲ್ಲಿ ಪ್ರಾಣಿಗಳು ಕೆಳಗೆ ದಾಟಲೆಂದು ಹೆದ್ದಾರಿಯನ್ನೇ ಕಂಬಗಳ ಮೇಲೆ ಎತ್ತಿದ್ದಾರೆ. ಅಲ್ಲಿ ಬೆಳಕಿರುವಾಗಲೇ ಹೋಗಿ.

ನೇಪಾಳದೊಳಗೆ ಈ ಲೆಕ್ಕ ನಡೆಯುವುದಿಲ್ಲ, ಬೆಟ್ಟದಲ್ಲಿ ದಿನಕ್ಕೆ 130 ಕಿ.ಮೀ. ಸಾಕು. ಸೋನೌಲಿಯಿಂದ ಪೋಖರಾಕ್ಕೆ ಸಿದ್ಧಾರ್ಥ ಹೆದ್ದಾರಿ 181 ಕಿ.ಮೀ. ಮಾತ್ರ, ಆದರೆ ತಿರುವುಗಳಲ್ಲಿ ಇಡೀ ದಿನ ಹಿಡಿಯುತ್ತದೆ. ನಡುವೆ ಬೆಟ್ಟದ ಮೇಲಿನ ಹಳೆಯ ಪೇಟೆ ತಾನಸೇನ್‌ನಲ್ಲಿ ರಾತ್ರಿ ಉಳಿದರೆ ಇಬ್ಬರ ಬೆನ್ನೂ ಹರಸುತ್ತದೆ. ಹೋದ ದಾರಿಯಲ್ಲೇ ಬರಬೇಡಿ. ಕಠ್ಮಂಡುವಿನಿಂದ ದಾಮನ್, ಹೆಟೌಡಾ ಮೇಲೆ ಬೀರ್‌ಗಂಜ್–ರಕ್ಸೌಲ್ ಗಡಿಗೆ ಇಳಿಯಿರಿ. ಭಾರತದ ನೆರವಿನಿಂದ 1950ರ ದಶಕದಲ್ಲಿ ಕಡಿದ ಈ ತ್ರಿಭುವನ ರಾಜಪಥದ ದಾಮನ್ ಭಾಗದಲ್ಲಿ ಈಗ ಲಾರಿಗಳ ಕಾಟ ಕಡಿಮೆ.

9. ಭನ್ಸಾರ್ ಚೀಟಿ ಜೋಪಾನ

ನೇಪಾಳದ ಕಸ್ಟಮ್ಸ್ ಕಚೇರಿಯೇ ಭನ್ಸಾರ್. ಗಡಿ ದಾಟಿದ ಕೂಡಲೇ ಅಲ್ಲಿ ಆರ್‌ಸಿ, ಲೈಸೆನ್ಸ್ ತೋರಿಸಿ, ಎಷ್ಟು ದಿನ ಇರುತ್ತೀರಿ ಎಂದು ಹೇಳಿ, ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು. ಚೌಕಾಸಿ ಮಾಡಿ ದಿನ ಕಡಿಮೆ ಬರೆಸಬೇಡಿ. ಯೋಜನೆಗಿಂತ ಮೂರು ದಿನ ಜಾಸ್ತಿ ಬರೆಸಿ, ಅವಧಿ ಮೀರಿದರೆ ದಂಡ ಬೀಳುತ್ತದೆ. ಏಜೆಂಟರು ಸುತ್ತುವರಿಯುತ್ತಾರೆ. ನಗುತ್ತ ಬೇಡವೆಂದು ನೇರ ಕೌಂಟರಿಗೆ ಹೋಗಿ. ಚೀಟಿಯ ಫೋಟೊ ಇಬ್ಬರ ಫೋನಿನಲ್ಲೂ ಇರಲಿ, ಪೊಲೀಸರು ಕೇಳುತ್ತಾರೆ. ಗಡಿಯಾರವನ್ನು 15 ನಿಮಿಷ ಮುಂದಿಡಿ. ಸ್ಥಳೀಯ ಸಿಮ್ ಅಲ್ಲೇ ಕೊಳ್ಳಿ.

10. ಐಸಿಯೋ ಎನ್‌ಸಿಯೋ ಕೇಳಿ

ನೂರು ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ. 1993ರಿಂದ ಈ ದರ ಕದಲಿಲ್ಲ. ಅಂಗಡಿಯವರು ಭಾರತದ ದುಡ್ಡಿಗೆ ಐಸಿ, ತಮ್ಮ ದುಡ್ಡಿಗೆ ಎನ್‌ಸಿ ಅನ್ನುತ್ತಾರೆ. ರೂಮಿನ ಬಾಡಿಗೆ ‘ಒಂದು ಸಾವಿರ’ ಅಂದರೆ ಯಾವುದು ಎಂದು ಮೊದಲೇ ಕೇಳಿ, ಜಗಳ ತಪ್ಪುತ್ತದೆ. ದೊಡ್ಡ ಭಾರತೀಯ ನೋಟುಗಳ ನಿಯಮ ಬದಲಾಗುತ್ತಿರುತ್ತದೆ, ₹100ರ ಕಟ್ಟು ಒಯ್ದರೆ ತಕರಾರಿಲ್ಲ. 2024ರ ಮಾರ್ಚ್‌ನಿಂದ ಅಲ್ಲಿನ ಫೋನ್‌ಪೇ ಕ್ಯೂಆರ್ ಇರುವ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಈ ಫೋನ್‌ಪೇ ನಮ್ಮಲ್ಲಿರುವ ಕಂಪನಿಯಲ್ಲ, ನೇಪಾಳದ್ದೇ ಬೇರೆ ಸಂಸ್ಥೆ.

ಹೋಗಿ ಬರಲು 4,000, ಅಲ್ಲಿ ಸುತ್ತಲು ಒಂದು ಸಾವಿರ ಕಿ.ಮೀ. ಎಂದುಕೊಂಡು, ಇಬ್ಬರ ಭಾರಕ್ಕೆ ಲೀಟರಿಗೆ 45 ಹಿಡಿದರೆ ಸುಮಾರು 110 ಲೀಟರ್ ಪೆಟ್ರೋಲು. ಉಳಿದ ಖರ್ಚೆಲ್ಲ ನೀವು ಎಲ್ಲಿ ಮಲಗುತ್ತೀರಿ ಎನ್ನುವುದರ ಮೇಲೆ.

11. ಹಾರ್ನ್ ಮರೆಯಿರಿ, ಗಾಳಿ ನೆನಪಿಡಿ

ಕಠ್ಮಂಡು ಕಣಿವೆಯಲ್ಲಿ 2017ರ ಏಪ್ರಿಲ್ 14ರಂದು, ಅಂದರೆ ನೇಪಾಳಿ ಹೊಸ ವರ್ಷದ ದಿನ, ಅನಗತ್ಯ ಹಾರ್ನ್ ನಿಷೇಧಿಸಿದರು. ನಮ್ಮ ಹೆಬ್ಬೆರಳಿಗೆ ಇದು ದೊಡ್ಡ ಶಿಕ್ಷೆ, ಆದರೂ ಒಗ್ಗಿಸಿಕೊಳ್ಳಿ. ಹಸು ಅಲ್ಲಿನ ರಾಷ್ಟ್ರಪ್ರಾಣಿ, ಕೊಲ್ಲುವುದು ಅಪರಾಧ. ರಸ್ತೆಯಲ್ಲಿ ದನ ಕಂಡರೆ ನಿಂತೇ ಹೋಗಿ. ಮುಕ್ತಿನಾಥದ ಕಡೆ ಹೋಗುವವರು ಕಾಳಿಗಂಡಕಿ ಕಣಿವೆಯ ಗಾಳಿಯ ಲೆಕ್ಕ ಇಟ್ಟುಕೊಳ್ಳಬೇಕು. ಮಧ್ಯಾಹ್ನದ ಹೊತ್ತಿಗೆ ಅದು ಬೈಕನ್ನು ಪಕ್ಕಕ್ಕೆ ತಳ್ಳುವಷ್ಟು ಜೋರಾಗುತ್ತದೆ. ನಸುಕಿಗೆ ಹೊರಟು ಹನ್ನೊಂದರೊಳಗೆ ಸವಾರಿ ಮುಗಿಸಿ.

12. ಎತ್ತರಕ್ಕೆ ಅವಸರ ಬೇಡ

ಮುಕ್ತಿನಾಥ ಇರುವುದು 3,700 ಮೀಟರಿಗೂ ಮೇಲೆ. ಪೋಖರಾ 800 ಮೀಟರಿನ ಆಸುಪಾಸು. ಒಂದೇ ದಿನದಲ್ಲಿ ಏರಿದರೆ ತಲೆನೋವು, ವಾಕರಿಕೆ, ನಿದ್ದೆಗೇಡು ಕಾಡಬಹುದು. ಸುಮಾರು 2,700 ಮೀಟರಿನ ಜೋಮ್ಸೋಮ್ ಅಥವಾ ಅದರ ಹತ್ತಿರದ ಮಾರ್ಫಾದಲ್ಲಿ ಒಂದು ರಾತ್ರಿ ಉಳಿದು, ಮರುದಿನ ದರ್ಶನ ಮಾಡಿ ಕೆಳಗಿಳಿದುಬಿಡಿ. ಬಿಪಿ, ಶುಗರ್, ಉಬ್ಬಸ ಇದ್ದವರು ಊರು ಬಿಡುವ ಮೊದಲೇ ಡಾಕ್ಟರನ್ನು ಕೇಳಿ. ತಲೆನೋವು ಜೋರಾದರೆ ಔಷಧಿ ಒಂದೇ: ಕೂಡಲೇ ಇಳಿಯುವುದು.

ಊಟಕ್ಕೆ ಚಿಂತೆ ಇಲ್ಲ. ದಾಲ್‌ಭಾತ್ ಎಲ್ಲೆಡೆ ಸಿಗುತ್ತದೆ, ಕೇಳಿದಷ್ಟು ಬಡಿಸುತ್ತಾರೆ. ನಾಲಿಗೆ ಹಟ ಮಾಡುವ ದಿನಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಬ್ಯಾಗಿನಲ್ಲಿರಲಿ.

13. ನಮ್ಮವರ ಜಾಡು ಹಿಡಿಯಿರಿ

ಬರೀ ಸೆಲ್ಫಿ ಜಾಗಗಳ ಪಟ್ಟಿ ಹಿಡಿದು ಹೋದರೆ ನಾಲ್ಕನೆಯ ದಿನಕ್ಕೆ ಬೇಸರ ಬರುತ್ತದೆ. ಇಬ್ಬರಿಗೂ ಕುತೂಹಲ ಹುಟ್ಟಿಸುವ ಒಂದು ಎಳೆ ಬೇಕು. ನಮ್ಮ ಸೀಮೆಯವರಿಗೆ ಆ ಎಳೆ ಹುಡುಕಬೇಕಾಗಿಯೇ ಇಲ್ಲ.

ವೀರಶೈವರ ಪಂಚಪೀಠಗಳಲ್ಲಿ ಒಂದು ಕೊಟ್ಟೂರು ಸೀಮೆಯ ಉಜ್ಜಿನಿಯಲ್ಲಿದೆ. ಇನ್ನೊಂದು ಕಾಶಿಯ ಜಂಗಮವಾಡಿ ಮಠ, ನಿಮ್ಮ ದಾರಿಯಲ್ಲೇ ಸಿಗುತ್ತದೆ. ಅಲ್ಲಿಂದ ಮುಂದೆ ನೇಪಾಳದ ಭಕ್ತಪುರದಲ್ಲೂ ಒಂದು ಜಂಗಮ ಮಠ ಇದೆ. ಕಠ್ಮಂಡುವಿನ ಪಶುಪತಿನಾಥನಿಗೆ ಪೂಜೆ ಮಾಡುವ ಭಟ್ಟರು ಬಹುಕಾಲದಿಂದ ಕರ್ನಾಟಕದವರು. ವಾಪಸ್ ಬರುವಾಗ ಬೀರ್‌ಗಂಜ್ ಕಡೆಯ ಬಾರಾ ಜಿಲ್ಲೆಯಲ್ಲಿ ಸಿಮ್ರೌನ್‌ಗಢದ ಪಾಳುಕೋಟೆ ಸಿಗುತ್ತದೆ. 1097ರಲ್ಲಿ ನಾನ್ಯದೇವ ಅಲ್ಲಿ ರಾಜ್ಯ ಕಟ್ಟಿದ. ಅವನ ವಂಶಕ್ಕೆ ಇತಿಹಾಸದಲ್ಲಿ ಕರ್ಣಾಟ ವಂಶವೆಂದೇ ಹೆಸರು. ಕಲ್ಯಾಣ ಚಾಲುಕ್ಯರ ದಂಡಯಾತ್ರೆಯ ಕಾಲದಲ್ಲಿ ಆ ಮನೆತನ ಉತ್ತರಕ್ಕೆ ಹೋಗಿರಬೇಕೆಂದು ಇತಿಹಾಸಕಾರರು ಹೇಳುತ್ತಾರೆ. ಬಾಗಳಿ, ಕುರುವತ್ತಿಯ ಗುಡಿಗಳೂ ಅದೇ ಚಾಲುಕ್ಯರ ಕಾಲದವು.

ಎಲ್ಲಕ್ಕಿಂತ ಹಳೆಯ ನಂಟು ಲುಂಬಿನಿಯಲ್ಲಿದೆ. ತನ್ನ ಪಟ್ಟಾಭಿಷೇಕದ ಇಪ್ಪತ್ತನೆಯ ವರ್ಷದಲ್ಲಿ ಸ್ವತಃ ಬಂದು ಪೂಜಿಸಿದೆನೆಂದೂ, ಬುದ್ಧ ಹುಟ್ಟಿದ ಊರೆಂದು ತೆರಿಗೆ ಇಳಿಸಿದೆನೆಂದೂ ಅಶೋಕ ಅಲ್ಲಿನ ಕಂಬದ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿಸಿದ್ದಾನೆ. ಅದೇ ಅಶೋಕನ ಶಾಸನ ಕೂಡ್ಲಿಗಿಯ ಮಗ್ಗುಲಿನ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಇದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಅದನ್ನು ಬರೆದವನು ಚಪಡ ಎಂಬ ಲಿಪಿಕಾರ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ತನ್ನ ಕಸುಬನ್ನು ಹೇಳುವ ಕೊನೆಯ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಈಗಿನ ಪೆಷಾವರದ ಸೀಮೆಯ ಲಿಪಿ. ಅಷ್ಟು ದೂರದಿಂದ ಒಬ್ಬ ಗುಮಾಸ್ತ ನಮ್ಮ ಬಂಡೆಗಳವರೆಗೆ ಬಂದಿದ್ದಿರಬೇಕು. ಹೊರಡುವ ಮುಂಚಿನ ಭಾನುವಾರ ಬ್ರಹ್ಮಗಿರಿ ನೋಡಿ, ಎರಡು ವಾರದೊಳಗೆ ಲುಂಬಿನಿಯ ಕಂಬದೆದುರು ನಿಂತರೆ, ಆ ಕಂಬ ಗೈಡ್ ತೋರಿಸಿದ ಇನ್ನೊಂದು ಕಲ್ಲಾಗಿ ಉಳಿಯುವುದಿಲ್ಲ.

14. ಒಬ್ಬರು ಬೇಡವೆಂದರೆ ಬೇಡ

ಮಳೆ ಮೋಡ ಕಂಡರೆ, ಕತ್ತಲಾದರೆ, ರಸ್ತೆ ಕೆಟ್ಟಿದ್ದರೆ, ಮೈ ಹುಷಾರಿಲ್ಲದಿದ್ದರೆ ಮುಂದೆ ಹೋಗಲು ಇಬ್ಬರ ಒಪ್ಪಿಗೆ ಬೇಕು. ನಿಲ್ಲಲು ಒಬ್ಬರ ಮಾತು ಸಾಕು. ಕಾರಣ ಕೇಳುವಂತಿಲ್ಲ, ಅಣಕಿಸುವಂತಿಲ್ಲ, ಊರಿಗೆ ಬಂದು ನೆಂಟರೆದುರು ಆಡಿಕೊಳ್ಳುವಂತಿಲ್ಲ. 2025ರ ಸೆಪ್ಟೆಂಬರ್ 8 ಮತ್ತು 9ರಂದು ಯುವಜನರ ಪ್ರತಿಭಟನೆ ನೇಪಾಳದ ಸರ್ಕಾರವನ್ನೇ ಬೀಳಿಸಿತು, ಕಠ್ಮಂಡುವಿನ ವಿಮಾನ ನಿಲ್ದಾಣವೂ ಮುಚ್ಚಿತು. ಅಂಥ ಹೊತ್ತಿನಲ್ಲಿ ಇದ್ದಲ್ಲೇ ಇರುವುದು ಜಾಣತನ. ಲೈನ್‌ಚೌರ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಯ ನಂಬರು, ಪ್ರವಾಸಿ ಪೊಲೀಸರ 1144 ಇವೆರಡನ್ನೂ ಇಬ್ಬರ ಫೋನಿನಲ್ಲೂ ಹಾಕಿಡಿ.

ಇನ್ನು ಕ್ಯಾಲೆಂಡರು ತೆಗೆಯಿರಿ. ಗಣೇಶನ ಹಬ್ಬದೊಳಗೆ ಹೆಸರು, ವಿಳಾಸ ಸರಿಮಾಡಿಸುವುದು. ದೀಪಾವಳಿಗೆ ಎರಡನೆಯ ಲೈಸೆನ್ಸ್. ಸುಗ್ಗಿ ಮುಗಿದ ಮೇಲೆ ಮೂರು ಪರೀಕ್ಷಾ ಸವಾರಿ. ಸಂಕ್ರಾಂತಿಗೆ ವಿಮೆ ವಿಸ್ತರಣೆ, ಟೈರು, ಸರ್ವಿಸ್. ತೇರಾದ ಮೇಲೆ ಹೊರಡುವುದು. ಯಾವ ದಿನ ಹೊರಡಬೇಕು ಎನ್ನುವುದನ್ನು ಮಾತ್ರ ಹಿಂದೆ ಕೂರುವವರೇ ಗುರುತು ಹಾಕಲಿ.